ಕೆಸರು, ಡಾಮರು ಮತ್ತು ಅಂಗೈಯಗಲದ ರಬ್ಬರು

ಕಳೆದ ತಿಂಗಳು ಪ್ರಥಮ ಪಿಯುಸಿಯಲ್ಲಿ ಘರ್ಷಣೆಯ ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. "ಸರ್, ಘರ್ಷಣೆ ತಾಗುವ ಜಾಗದ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಅಂತ ಪುಸ್ತಕದಲ್ಲಿದೆ. ಹಾಗಾದರೆ ದೊಡ್ಡ ಬೈಕಿಗೆ ಅಗಲ ಟೈರ್ ಯಾಕೆ? ಎಸ್ಟೇಟಿನಲ್ಲಿ ಓಡಿಸುವ ನಾಲ್ಕು ಚಕ್ರದ ಎಟಿವಿಗೆ ಅಷ್ಟು ದಪ್ಪ ಟೈರ್ ಯಾಕೆ?" ಅಷ್ಟರಲ್ಲಿ ಬೆಲ್ ಹೊಡೆಯಿತು. ನಾಳೆ ಹೇಳುತ್ತೇನೆ ಎಂದವನು ಸಿಲೆಬಸ್ ಮುಗಿಸುವ ಗಡಿಬಿಡಿಯಲ್ಲಿ ಮರೆತೆ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ. ಈ ಉತ್ತರದ ಅರ್ಧ ಭಾಗವನ್ನು ನಾನು ಪುಸ್ತಕದಿಂದ ಕಲಿತೆ. ಉಳಿದರ್ಧ ಕಲಿತದ್ದು ನನ್ನದೇ ತಪ್ಪಿನಿಂದ, ಅದರ ಬೆಲೆ ಕೊಟ್ಟವರು ನನ್ನ ಉಮ್ಮ.

ನನ್ನ ಮನೆಯಿಂದ ಕಾಲೇಜಿಗೆ 22 ಕಿಲೋಮೀಟರ್. ಮೊದಲ 2 ಕಿಲೋಮೀಟರ್ ತೋಟದ ನಡುವಿನ ಮಣ್ಣಿನ ದಾರಿ, ಆಮೇಲೆ 6 ಕಿಲೋಮೀಟರ್ ಪಂಚಾಯತ್ ರಸ್ತೆ, ಉಳಿದದ್ದು ಹೆದ್ದಾರಿ. ಮಳೆಗಾಲದಲ್ಲಿ ಆ ಮಣ್ಣಿನ ದಾರಿ ಹೇಗಿರುತ್ತದೆಂದು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಿಲ್ಲ. ಎರಡು ಮಳೆಗಾಲ ಅಲ್ಲಿ ಜಾರಿ ಪ್ಯಾಂಟು ಕೆಂಪು ಮಾಡಿಕೊಂಡ ಮೇಲೆ ಕಳೆದ ವರ್ಷ ಬೇಸಿಗೆ ರಜೆಯಲ್ಲಿ ಬೈಕಿನ ಎರಡೂ ಚಕ್ರಕ್ಕೆ ದಪ್ಪ ಉಬ್ಬುಗಳಿರುವ ಟೈರ್ ಹಾಕಿಸಿದೆ. ಹುಡುಗರು ಬಟನ್ ಟೈರ್ ಎನ್ನುತ್ತಾರಲ್ಲ, ಅದೇ. ನೋಡಲು ಚೆನ್ನಾಗಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಕೆಸರಿನಲ್ಲಿ ಇನ್ನೂ ಚೆನ್ನಾಗಿ ಹಿಡಿಯಲಿ ಎಂದು ಕಂಪನಿ ಹೇಳಿದ 29 ಪಿಎಸ್‌ಐ ಗಾಳಿಯನ್ನು 20ಕ್ಕೆ ಇಳಿಸಿದೆ. ಮಣ್ಣಿನ ದಾರಿಯಲ್ಲಿ ಗಾಡಿ ಆಡಿನ ಹಾಗೆ ಏರಿತು.

ಜೂನ್ ಮೊದಲ ವಾರ ಉಮ್ಮನನ್ನು ಹಿಂದೆ ಕೂರಿಸಿಕೊಂಡು ಪೇಟೆಗೆ ಹೊರಟಿದ್ದೆ. ಒಳ್ಳೆಯ ಡಾಮರು ರಸ್ತೆ, ಇಳಿಜಾರಿನ ತಿರುವು, ಆಗಷ್ಟೇ ಬಿದ್ದ ಮಳೆ. ವೇಗ 40 ಇದ್ದೀತು. ಎದುರಿಗೆ ಒಂದು ದನ. ಬ್ರೇಕ್ ಹಿಡಿದೆ, ಹಿಂದಿನ ಚಕ್ರ ಪಕ್ಕಕ್ಕೆ ಹೋಯಿತು. ನನಗೆ ಮೊಣಕೈ ತರಚಿತು, ಅಷ್ಟೆ. ಉಮ್ಮ ಕೈಯೂರಿ ಬಿದ್ದರು, ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. "ದನಕ್ಕೇನೂ ಆಗಲಿಲ್ಲವಲ್ಲ" ಎಂದು ಅವರು ಆಸ್ಪತ್ರೆಯಲ್ಲಿ ಕೇಳಿದ್ದು ಈಗಲೂ ನೆನಪಿದೆ.

ಕೆಸರಿನಲ್ಲಿ ಅಷ್ಟು ಚೆನ್ನಾಗಿ ಹಿಡಿದ ಟೈರು ಡಾಮರಿನ ಮೇಲೆ ಯಾಕೆ ಕೈಕೊಟ್ಟಿತು?

ಮೊದಲು ಒಂದು ಲೆಕ್ಕ. ಬೈಕು 130 ಕೆ.ಜಿ., ಸವಾರ 70 ಕೆ.ಜಿ., ಒಟ್ಟು 200. ಅದರಲ್ಲಿ 120 ಕೆ.ಜಿ. ಹಿಂದಿನ ಚಕ್ರದ ಮೇಲಿದೆ ಎನ್ನೋಣ. ಬಲ ಸುಮಾರು 1,176 ನ್ಯೂಟನ್. ಗಾಳಿಯ ಒತ್ತಡ 29 ಪಿಎಸ್‌ಐ ಅಂದರೆ ಸುಮಾರು 2 ಲಕ್ಷ ಪಾಸ್ಕಲ್. ಬಲವನ್ನು ಒತ್ತಡದಿಂದ ಭಾಗಿಸಿದರೆ ರಸ್ತೆಗೆ ತಾಗುವ ವಿಸ್ತೀರ್ಣ ಸಿಗುತ್ತದೆ: ಸುಮಾರು 59 ಚದರ ಸೆಂಟಿಮೀಟರ್. ಟೈರಿನ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಇದು ಅಂದಾಜು ಮಾತ್ರ. ಆದರೂ ಬೆರಳು ಬಿಟ್ಟ ಅಂಗೈಯಷ್ಟು ರಬ್ಬರೂ ನೆಲ ಮುಟ್ಟುತ್ತಿಲ್ಲ ಎಂಬುದು ಗೊತ್ತಾಗುತ್ತದೆ. ಉಬ್ಬಿನ ಟೈರಿನಲ್ಲಿ ಇಷ್ಟು ಜಾಗದೊಳಗೂ ದೊಡ್ಡ ಭಾಗ ಖಾಲಿ ಸಂದು. ನೆಲ ಮುಟ್ಟುವುದು ಎತ್ತರದ ಉಬ್ಬುಗಳ ತಲೆ ಮಾತ್ರ.

ಪುಸ್ತಕದ ನಿಯಮ ಸುಳ್ಳಲ್ಲ. ಗಟ್ಟಿ, ಒಣ ಮೇಲ್ಮೈಗಳಿಗೆ ಅದು ಹೆಚ್ಚುಕಡಿಮೆ ಸರಿ, ಮರದ ತುಂಡನ್ನು ಮೇಜಿನ ಮೇಲೆ ಎಳೆದು ನಾವು ಲ್ಯಾಬಿನಲ್ಲಿ ನೋಡುವುದೂ ಅದನ್ನೇ. ರಬ್ಬರು ಮಾತ್ರ ಆ ಜಾತಿಗೆ ಸೇರಿದ್ದಲ್ಲ. ಅದು ರಸ್ತೆಯ ಸಣ್ಣ ಸಣ್ಣ ಕಲ್ಲುಗಳ ಸುತ್ತ ಬಗ್ಗಿ ಕೂರುತ್ತದೆ, ಅವುಗಳಿಗೆ ಅಂಟುತ್ತದೆ, ಬಗ್ಗಿ ಮತ್ತೆ ಅರಳುವಾಗ ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳುತ್ತದೆ. ಹಿಡಿತ ಬರುವುದು ಇವೆಲ್ಲದರಿಂದ. ಆದ್ದರಿಂದ ಡಾಮರಿನ ಮೇಲೆ ಹೆಚ್ಚು ರಬ್ಬರು ತಾಗಿದಷ್ಟೂ ಒಳ್ಳೆಯದು. ಎತ್ತರದ ಉಬ್ಬುಗಳು ಬ್ರೇಕ್ ಹಾಕಿದಾಗ, ತಿರುಗಿಸಿದಾಗ ಬುಡದಲ್ಲೇ ಬಾಗುತ್ತವೆ. ಗಾಳಿ ಕಡಿಮೆಯಿದ್ದರೆ ಟೈರಿನ ಮೈಯೂ ಅವುಗಳ ಜೊತೆ ಓಲಾಡುತ್ತದೆ. ನನ್ನ ಬೈಕಿನಲ್ಲಿ ಆದದ್ದು ಇದೇ. ಮೇಲಾಗಿ ಅದು ಮೊದಲ ಮಳೆ: ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು ನೀರಿನೊಂದಿಗೆ ಬೆರೆತು ರಸ್ತೆಗೆ ಲೇಪವಾಗಿತ್ತು.

ಘರ್ಷಣಾಂಕ 0.7 ಇದ್ದರೆ ಗಂಟೆಗೆ 40 ಕಿ.ಮೀ. ವೇಗದ ಗಾಡಿ ಬ್ರೇಕ್ ಹಿಡಿದ ಮೇಲೆ 9 ಮೀಟರಿನಲ್ಲಿ ನಿಲ್ಲುತ್ತದೆ. 0.4ಕ್ಕೆ ಇಳಿದರೆ ಸುಮಾರು 16 ಮೀಟರ್ ಬೇಕು. ನನಗೂ ದನಕ್ಕೂ ಮಧ್ಯೆ ಅಷ್ಟು ಜಾಗ ಇರಲಿಲ್ಲ.

ಹಾಗಾದರೆ ನುಣುಪು ಟೈರೇ ಒಳ್ಳೆಯದೇ? ಒಣ ರೇಸ್ ಟ್ರ್ಯಾಕಿನಲ್ಲಿ ಹೌದು, ಅಲ್ಲಿ ಗೀರೇ ಇಲ್ಲದ ಟೈರ್ ಹಾಕುತ್ತಾರೆ. ನಮ್ಮಲ್ಲಿ ಆಗದು. ರಸ್ತೆ ಮೇಲೆ 1 ಮಿಲಿಮೀಟರ್ ನೀರು ನಿಂತಿದೆ, ಟೈರು ತಾಗುವ ಅಗಲ 6 ಸೆಂಟಿಮೀಟರ್, ವೇಗ 50 ಎಂದುಕೊಳ್ಳಿ. ಪ್ರತಿ ಸೆಕೆಂಡಿಗೆ 800 ಮಿಲಿಲೀಟರಿಗೂ ಹೆಚ್ಚು ನೀರನ್ನು ಟೈರು ದಾರಿಯಿಂದ ಆಚೆ ತಳ್ಳಬೇಕು. ಗೀರುಗಳಿರುವುದು ಆ ನೀರಿಗೆ ಕಾಲುವೆಯಾಗಲಿಕ್ಕೆ. ಬೋಳು ಟೈರಿನಲ್ಲಿ ಮಳೆಗಾಲ ಕಳೆಯುವವರು ಈ ಲೆಕ್ಕವನ್ನು ಇನ್ನೊಮ್ಮೆ ಓದಬೇಕು. ಟೈರಿನ ಪಕ್ಕದಲ್ಲಿ ಟಿಡಬ್ಲ್ಯುಐ ಎಂಬ ಅಕ್ಷರವೋ ಸಣ್ಣ ತ್ರಿಕೋನವೋ ಇರುತ್ತದೆ. ಅದರ ನೇರಕ್ಕೆ ಗೀರಿನ ತಳದಲ್ಲಿ ಒಂದು ಸಣ್ಣ ದಿಣ್ಣೆ ಕಾಣುತ್ತದೆ. ಸವೆತ ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತು.

ಈಗ ಎಟಿವಿಗೆ ಬರೋಣ. ಅದರ ಟೈರಿನ ಮೇಲೆ 25×8-12 ಎಂಬಂತೆ ಬರೆದಿರುತ್ತದೆ: ಹೊರ ವ್ಯಾಸ 25 ಇಂಚು, ಅಗಲ 8 ಇಂಚು, ರಿಮ್ 12 ಇಂಚು. ಅದರೊಳಗೆ ತುಂಬುವ ಗಾಳಿ ಸುಮಾರು 5 ಪಿಎಸ್‌ಐ ಮಾತ್ರ. ಗಾಡಿ, ಸವಾರ ಸೇರಿ 370 ಕೆ.ಜಿ. ಇದ್ದರೆ ಒಂದೊಂದು ಚಕ್ರಕ್ಕೆ 92 ಕೆ.ಜಿ. ಮೇಲಿನಂತೆಯೇ ಲೆಕ್ಕ ಹಾಕಿ. ಒಂದು ಟೈರಿಗೆ 260 ಚದರ ಸೆಂಟಿಮೀಟರ್ ಬರುತ್ತದೆ, ನನ್ನ ಬೈಕಿನ ನಾಲ್ಕು ಪಟ್ಟಿಗೂ ಹೆಚ್ಚು. ಮೆತ್ತಗಿನ ಮಣ್ಣಿನಲ್ಲಿ ಮುಖ್ಯವಾಗುವುದು ಅಂಟುವ ಘರ್ಷಣೆಯಲ್ಲ. ಹೂಳದೆ ತೇಲುವುದು ಒಂದು, ಉಬ್ಬುಗಳು ಮಣ್ಣಿನೊಳಗೆ ಹೊಕ್ಕು ಅದನ್ನು ಹಿಂದಕ್ಕೆ ಒದೆಯುವುದು ಇನ್ನೊಂದು. ಗದ್ದೆಗಿಳಿಯುವ ಟ್ರ್ಯಾಕ್ಟರಿನ ಹಿಂದಿನ ಚಕ್ರವನ್ನು ನೋಡಿದವರಿಗೆ ಎರಡನೆಯದು ತಟ್ಟನೆ ಹೊಳೆಯುತ್ತದೆ. ಉಬ್ಬುಗಳ ನಡುವೆ ಸಂದು ಅಗಲವಿರಬೇಕು, ಇಲ್ಲದಿದ್ದರೆ ಅಂಟುಮಣ್ಣು ತುಂಬಿ ಟೈರು ಉಂಡೆಯಾಗುತ್ತದೆ. ಮರಳಿಗೆ ಹಿಂದಿನ ಚಕ್ರದಲ್ಲಿ ದೋಣಿಯ ಹುಟ್ಟಿನಂಥ ಪಟ್ಟಿಗಳಿರುವ ಟೈರ್ ಹಾಕುತ್ತಾರೆ. ಚೂಪುಕಲ್ಲಿನ ದಾರಿಗೆ ಹೆಚ್ಚು ಪದರಗಳ ಗಟ್ಟಿ ಗೋಡೆಯದು ಬೇಕು. ಕೆಸರು, ಕಲ್ಲು, ಗಟ್ಟಿ ನೆಲ ಎಲ್ಲದರಲ್ಲೂ ಓಡಿಸುವವರು ಸಾಮಾನ್ಯವಾಗಿ ಮಧ್ಯಮ ಎತ್ತರದ, ಹತ್ತಿರ ಹತ್ತಿರ ಉಬ್ಬುಗಳಿರುವುದನ್ನು ಆರಿಸುತ್ತಾರೆ. ಅದು ಯಾವುದರಲ್ಲೂ ಮೊದಲ ಸ್ಥಾನ ಪಡೆಯುವುದಿಲ್ಲ, ಯಾವುದರಲ್ಲೂ ಫೇಲಾಗುವುದೂ ಇಲ್ಲ.

ಇದೇ ಎಟಿವಿಯನ್ನು ಡಾಮರಿಗೆ ತಂದರೆ ಕಥೆ ಬೇರೆ. ಹಲವು ಎಟಿವಿಗಳಲ್ಲಿ ಹಿಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಆ್ಯಕ್ಸಲಿಗೆ ಜೋಡಿಸಿರುತ್ತವೆ, ಕಾರಿನಲ್ಲಿರುವ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಆದರೆ ಎರಡೂ ಒಂದೇ ವೇಗದಲ್ಲಿ ಸುತ್ತುತ್ತವೆ. ಮಣ್ಣಿನಲ್ಲಾದರೆ ಒಂದು ಚಕ್ರ ಸುಲಭವಾಗಿ ಜಾರಿ ಸುಧಾರಿಸಿಕೊಳ್ಳುತ್ತದೆ. ಡಾಮರು ಜಾರಲು ಬಿಡುವುದಿಲ್ಲ. ಅದಕ್ಕೇ ತಯಾರಕರು ಇದನ್ನು ಡಾಮರು ರಸ್ತೆಯಲ್ಲಿ ಓಡಿಸಬೇಡಿ ಎಂದು ಎಚ್ಚರಿಸುವುದು.

ಪ್ಲಾಸ್ಟರ್ ಬಿಚ್ಚಿದ ಮೇಲೆ ನಾನು ಹೊಸದಾಗಿ ಲೆಕ್ಕಕ್ಕೆ ಕೂತೆ. ದಿನಕ್ಕೆ 44 ಕಿಲೋಮೀಟರಿನಲ್ಲಿ ಮಣ್ಣು 4, ಅಂದರೆ ನೂರಕ್ಕೆ 9. ಆದರೆ ಈ ಅನುಪಾತವೊಂದೇ ಸಾಲದು ಎಂದು ಆಮೇಲೆ ಅನ್ನಿಸಿತು. ಮಣ್ಣಿನಲ್ಲಿ ನನ್ನ ವೇಗ 12, ಹೆದ್ದಾರಿಯಲ್ಲಿ 50. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ, ಆದ್ದರಿಂದ ಹೆದ್ದಾರಿಯಲ್ಲಿ ಬೀಳುವಾಗ ನನ್ನಲ್ಲಿರುವ ಶಕ್ತಿ 17 ಪಟ್ಟು. ಹಿಂದೆ ಬಸ್ಸು ಬೇರೆ. ಕೆಸರಿನಲ್ಲಿ ಬಿದ್ದರೆ ಬಟ್ಟೆ ಒಗೆಯಬೇಕು, ಅಷ್ಟೆ. ಹಾಗಾಗಿ ತಪ್ಪಿದರೆ ಹೆಚ್ಚು ಪೆಟ್ಟಾಗುವ ಕಡೆಗೆ ಹೊಂದುವ ಟೈರನ್ನೇ ಆರಿಸಿದೆ: ಮಧ್ಯದಲ್ಲಿ ರಬ್ಬರು ಒತ್ತಾಗಿರುವ, ನೀರಿಗೆ ಆಳದ ಗೀರುಗಳಿರುವ, ಅಂಚಿನಲ್ಲಿ ಮಾತ್ರ ಸ್ವಲ್ಪ ಬಿಡಿ ಉಬ್ಬುಗಳಿರುವ ಟೈರು. ಗಾಳಿ ಪುನಃ 29. ಮಣ್ಣಿನ ದಾರಿಯಲ್ಲಿ ಈಗ ಸ್ವಲ್ಪ ಜಾರುತ್ತದೆ. ಮೊದಲ ಗೇರಿನಲ್ಲಿ, ಕಾಲು ಇಳಿಬಿಟ್ಟು, ಐದು ನಿಮಿಷ ತಡವಾಗಿ ಬರುತ್ತೇನೆ. ಅಟೆಂಡೆನ್ಸ್ ಹೊತ್ತಿಗೆ ನಾನು ಓಡಿಬರುವುದನ್ನು ನೋಡಿ ನಗುವವರಿಗೆ ಕಾರಣ ಈಗ ತಿಳಿಯಿತು.

ದಿನವಿಡೀ ತೋಟದೊಳಗೇ ಓಡಾಡುವವರಿಗೆ ನನ್ನ ಆಯ್ಕೆ ಸರಿಹೊಂದದು, ಅವರಿಗೆ ಉಬ್ಬಿನ ಟೈರೇ ಬೇಕು. ಮೊನ್ನೆ ನನ್ನ ಅಕ್ಕನ ಮಗ ಬಂದು "ಮಾಮ, ನೀವು ತೆಗೆದಿಟ್ಟ ಬಟನ್ ಟೈರ್ ನನಗೆ ಕೊಡಿ" ಎಂದ. ಅವನು ಪೇಟೆಯಲ್ಲಿ ಪಾರ್ಸೆಲ್ ಹಂಚುವವನು, ಮಣ್ಣಿನ ದಾರಿ ಕಾಣುವುದೇ ಅಪರೂಪ. ಕೊಡಲಿಲ್ಲ. ಎರಡು ದಿನ ಮುನಿಸಿಕೊಂಡಿದ್ದ.

ಅವನಿಗೆ ಟೈರಿನ ಅಂಕಿಗಳನ್ನು ಓದುವುದನ್ನಾದರೂ ಕಲಿಸಿ ಕಳಿಸಿದೆ. 100/90-17 55ಪಿ ಎಂದಿದ್ದರೆ ಅಗಲ 100 ಮಿಲಿಮೀಟರ್, ಗೋಡೆಯ ಎತ್ತರ ಅದರ ಶೇ. 90, ರಿಮ್ 17 ಇಂಚು. 55 ಎಂಬುದು ಕೆ.ಜಿ. ಅಲ್ಲ, ಸಂಕೇತ, ಟೈರು ಹೊರಬಲ್ಲ ಭಾರ 218 ಕೆ.ಜಿ. ಪಿ ಎಂದರೆ ವೇಗದ ಮಿತಿ ಗಂಟೆಗೆ 150 ಕಿ.ಮೀ., ಅದು ಟೈರಿನ ಮಿತಿ, ನಿಮ್ಮದಲ್ಲ. ಕೊನೆಯಲ್ಲಿ ನಾಲ್ಕಂಕಿ: 2224 ಎಂದರೆ 2024ರ 22ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ರಬ್ಬರು ಗಡುಸಾಗುತ್ತದೆ, ಹೊಸದೆಂದು ಕೊಳ್ಳುವಾಗ ಇದನ್ನು ನೋಡಿ. ಬಾಣದ ಗುರುತಿದ್ದರೆ ಚಕ್ರ ಉರುಳುವ ದಿಕ್ಕಿಗೇ ಜೋಡಿಸಿದ್ದಾರೆಯೇ ಎಂದೂ ನೋಡಿ.

ಪ್ರಶ್ನೆ ಕೇಳಿದ ಹುಡುಗನಿಗೂ ಅವನ ತರಗತಿಗೂ ಒಂದು ಕೆಲಸ. ಮನೆಯ ಸ್ಕೂಟರಿನ ಹಿಂದಿನ ಟೈರಿನ ತಳಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ನಿಂತಲ್ಲೇ ಕೆಳಗೆ ಗ್ರಾಫ್ ಹಾಳೆ ಬರುವಂತೆ ಮೆಲ್ಲನೆ ಉರುಳಿಸಿ, ದೊಡ್ಡವರೊಬ್ಬರನ್ನು ಮೇಲೆ ಕೂರಿಸಿ. ಹದಿನೆಂಟು ತುಂಬದವರು ಓಡಿಸುವ ಅಗತ್ಯವಿಲ್ಲ. ಗೇಟಿನಾಚೆ ಗಾಡಿ ನಿಲ್ಲಿಸಿ ಬರುವವರು ಯಾರೆಂದು ನನಗೆ ಗೊತ್ತಿದೆ. ಅಚ್ಚು ಬಿದ್ದ ಚೌಕಗಳನ್ನು ಎಣಿಸಿ, ಗಾಳಿ 5 ಪಿಎಸ್‌ಐ ಇಳಿಸಿ ಮತ್ತೊಮ್ಮೆ ಎಣಿಸಿ, ಆಮೇಲೆ ಗಾಳಿ ತುಂಬಿಸಲು ಮರೆಯಬೇಡಿ. ಎರಡೂ ಹಾಳೆಗಳನ್ನು ಸೋಮವಾರ ಲ್ಯಾಬಿಗೆ ತನ್ನಿ.