ಶಿವ, ಶಕ್ತಿ ಮತ್ತು ವಿಶ್ವ

ಜಗತ್ತು ಮಿಥ್ಯೆಯಾದರೆ ಕಾಯಕ ದಾಸೋಹಗಳೂ ಮಿಥ್ಯೆಯಾಗಬೇಕು. ಸಂಸಾರಿಯಾದ ಭಕ್ತನಿಗೆ ಮುಕ್ತಿಮಾರ್ಗವೇ ಇಲ್ಲವಾಗಬೇಕು. ಈ ಶಂಕೆಗೆ ಶಕ್ತಿವಿಶಿಷ್ಟಾದ್ವೈತವು ಸಮಾಧಾನವನ್ನು ಹೇಳುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಒಕ್ಕಲುಮಗನು ಎರೆಹೊಲದಲ್ಲಿ ಹುರಿದ ಜೋಳವನ್ನು ಬಿತ್ತುವುದಿಲ್ಲ. ಅದರಲ್ಲಿ ಬೀಜದ ಆಕಾರವುಂಟು, ಮೊಳೆಯುವ ಶಕ್ತಿಯಿಲ್ಲ. ಶಕ್ತಿರಹಿತನಾದ ಶಿವನೆಂಬ ಭಾವನೆಯೂ ಅಂತೆಯೇ ಅಸಂಗತವಾದುದು. ಆದರೆ ಬೀಜವು ಮೊಳೆತು ತಾನು ಅಳಿಯುವುದು; ಶಿವನಾದರೋ ವಿಶ್ವವಾಗಿ ತೋರಿಯೂ ಕುಂದುವುದಿಲ್ಲ.

ಪರಶಿವತತ್ತ್ವಕ್ಕೆ ‘ಸ್ಥಲ’ವೆಂದು ಹೆಸರು. ವಿಶ್ವವು ಅದರಲ್ಲಿ ಹುಟ್ಟಿ, ನೆಲೆಸಿ, ಅದರಲ್ಲಿಯೇ ಲೀನವಾಗುತ್ತದೆ. ಸ್ವಶಕ್ತಿಯ ಚಲನೆಯಿಂದ ಅದು ಲಿಂಗಸ್ಥಲ, ಅಂಗಸ್ಥಲಗಳೆಂದು ಎರಡಾಯಿತು. ಶಕ್ತಿಯು ಲಿಂಗದಲ್ಲಿ ಕಲೆಯಾಗಿಯೂ ಅಂಗದಲ್ಲಿ ಭಕ್ತಿಯಾಗಿಯೂ ನಿಂತಿತು. ಕಲೆಯಿಂದ ವಿಶ್ವವು ತೋರುವುದು. ಭಕ್ತಿಯಿಂದ ಜೀವನು ಮರಳಿ ಶಿವನನ್ನು ಸೇರುವನು. ಶಕ್ತಿಯು ಒಂದೇ, ದಾರಿ ಎರಡು.

17ನೆಯ ಶತಮಾನದಲ್ಲಿ ಜೇವರ್ಗಿಯ ಷಣ್ಮುಖ ಶಿವಯೋಗಿಗಳು ಗುರುವಿನ ಹೆಸರಾದ ‘ಅಖಂಡೇಶ್ವರ’ವನ್ನೇ ಅಂಕಿತವಾಗಿರಿಸಿ ಷಟ್‌ಸ್ಥಲವನ್ನು ವಚನಗಳಲ್ಲಿ ವಿವರಿಸಿದರು. ಎರಡಾಗಿ ತೋರಿಯೂ ಖಂಡಿತವಾಗದ ವಸ್ತುವೇ ಅಖಂಡ. ಸಿದ್ಧಾಂತದ ಸಾರವೂ ಇದೇ.

ಆದುದರಿಂದ ಭಕ್ತನು ತೊರೆಯಬೇಕಾದುದು ಜಗತ್ತನ್ನಲ್ಲ, ‘ನನ್ನದು’ ಎಂಬ ಭಾವವನ್ನು. ರಾಶಿಯ ಕಣದಲ್ಲಿ ಹಸಿದವನಿಗೆ ನೀಡಿದ ಮೊರದ ಜೋಳವು ಶಿವನದೇ; ನೀಡುವ ಕೈಯ ಶಕ್ತಿಯೂ ಶಿವನದೇ. ಹೀಗೆ ತಿಳಿದು ನೀಡುವುದೇ ದಾಸೋಹ.