ಸುಟ್ಟರೂ ಚಿಗುರುವ ಮುತ್ತಲ: ನಾನು ಕೇಳದೆ ಬಿಟ್ಟ ಪ್ರಶ್ನೆ

ಕುಡಚಿ ಭಾಗದ ಶಾಲೆಯೊಂದರಲ್ಲಿ 7ನೇ ತರಗತಿಗೆ ‘ಸಸ್ಯಗಳಲ್ಲಿ ಹೊಂದಾಣಿಕೆ’ ಎಂಬ ಅಭ್ಯಾಸ ಪಾಠ ಮಾಡಿದೆ. ಕಳ್ಳಿ, ತಾವರೆಗಳ ಬದಲು ಮುತ್ತಲವನ್ನು ಆರಿಸಿಕೊಂಡೆ. ಪತ್ರಾವಳಿಯ ಎಲೆ, ಹೋಳಿ ಬಣ್ಣದ ಕೆಂಪು-ಕೇಸರಿ ಹೂ ಮಕ್ಕಳಿಗೆ ಗೊತ್ತಿದ್ದವು. ಇದು ಬೆಳೆದರೆ ಮರ. ಮತ್ತೆ ಮತ್ತೆ ಕಡಿದು ಸುಡುವ ಬದುಗಳಲ್ಲಿ ಪೊದೆಯಾಗಿಯೇ ಉಳಿಯುತ್ತದೆ.

“ಸುಟ್ಟ ಮುತ್ತಲ ಮತ್ತೆ ಹೇಗೆ ಚಿಗುರುತ್ತದೆ?” ಎಂದು ಕೇಳಿದೆ. ಒಬ್ಬ ಹುಡುಗ, “ಕಬ್ಬಿನ ಕುಳೆ ಚಿಗತಂಗ್ರಿ ಸರ್” ಎಂದ. ಪೂರ್ವಜ್ಞಾನ ತಾನಾಗಿಯೇ ಸಿಕ್ಕಿತು. ತಗಡಿನ ತಟ್ಟೆಯಲ್ಲಿ ದಪ್ಪನಾಗಿ ಮಣ್ಣು ಹರವಿ, ಆಳದಲ್ಲಿ ತಾಪಮಾಪಕವಿಟ್ಟು, ಮೇಲೆ ಒಣ ಎಲೆ ಹಾಕಿ ಅಂಗಳದಲ್ಲಿ ನಾನೇ ಬೆಂಕಿ ಹಚ್ಚಿದೆ. ಪಾದರಸ ಹೆಚ್ಚು ಏರಲಿಲ್ಲ. ಮಣ್ಣು ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ಬೇರು ಬದುಕುತ್ತದೆ, ಅಲ್ಲಿನ ಮೊಗ್ಗು ಚಿಗುರುತ್ತದೆ. ಆಸ್ಟ್ರೇಲಿಯದ ವಾರಟಾ ಎಂಬ ಕೆಂಪು ಹೂವಿನ ಪೊದೆಯೂ ಬುಡದ ಗಡ್ಡೆಯಿಂದ ಹೀಗೆಯೇ ಚಿಗುರುತ್ತದೆ ಎಂದೆ.

ಪಾಠ ಗೆದ್ದಿತು ಅಂದುಕೊಂಡೆ. ಆಗ ಅದೇ ಹುಡುಗ ಕೇಳಿದ: “ಹಂಗಾದ್ರ ರವದಿ ಸುಡೋದು ಚಲೋನ ಅಲ್ರಿ ಸರ್?”

ನನ್ನಲ್ಲಿ ಉತ್ತರವಿರಲಿಲ್ಲ. ಗಂಟೆ ಬಾರಿಸಿತು. ತಪ್ಪು ಅವನದಲ್ಲ, ಕಪ್ಪುಹಲಗೆಯ ಮೇಲೆ ಉಳಿದದ್ದನ್ನು ಮಾತ್ರ ಬರೆದಿದ್ದೆ, ಹೋದದ್ದನ್ನು ಬರೆದಿರಲಿಲ್ಲ.

ಮರುದಿನ ಎರಡು ಕಾಲಂ ಹಾಕಿದೆ. ‘ಉಳಿದದ್ದು’ ಕಡೆ ಬೇರು, ನೆಲದೊಳಗಿನ ಮೊಗ್ಗು. ‘ಹೋದದ್ದು’ ಕಡೆ ಮಕ್ಕಳೇ ಹೇಳಿದರು: ಎಲೆ, ಸಣ್ಣ ಸಸಿ, ಹುಳ, ಹಕ್ಕಿಯ ಗೂಡು. ನಾನು ಎರಡು ಸೇರಿಸಿದೆ: ಗೊಬ್ಬರವಾಗಬೇಕಿದ್ದ ರವದಿ, ಹೊಸ ಚಿಗುರಿಗಾಗಿ ಬೇರು ಖರ್ಚು ಮಾಡಿದ ಆಹಾರ. ಆ ಹುಡುಗ, “ರವದಿ ಬಿಟ್ರ ನೀರು ಹಾಯಿಸಾಕ ತ್ರಾಸ ಅಂತಾರ ನಮ್ಮಪ್ಪ” ಎಂದ. ಅದೂ ನಿಜ. ಅದನ್ನು ಅಳಿಸಲಿಲ್ಲ, ಕೆಳಗೆ ಬರೆದೆ. ಒಂದು ಸಾಲು ಬಿಟ್ಟು ಒಂದು ಸಾಲಿಗೆ ರವದಿ ಹರವಿದರೆ ಖಾಲಿ ಸಾಲಿನಲ್ಲಿ ನೀರು ಹರಿಯಬಹುದೇ ಎಂಬ ಚರ್ಚೆಗೆ ಅದೇ ದಾರಿಯಾಯಿತು.

ಈ ಘಟಕ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸೂಚನೆ ಇಷ್ಟೇ: ಹೊಂದಾಣಿಕೆ ಎಂದರೆ ಕಷ್ಟವನ್ನು ದಾಟುವ ಶಕ್ತಿ, ಆ ಕಷ್ಟ ಒಳ್ಳೆಯದೆಂದು ಅರ್ಥವಲ್ಲ. “ಹೇಗೆ ಉಳಿಯಿತು?” ಎಂದು ಕೇಳಿದ ತರಗತಿಯಲ್ಲೇ “ಏನು ಹೋಯಿತು?” ಎಂದೂ ಕೇಳಿರಿ. ಪಾಠಯೋಜನೆಯಲ್ಲಿ ಎರಡಕ್ಕೂ ಜಾಗವಿರಲಿ.