“ಯಾರ ಕಡೆಯಿಂದ ಬಂತು?”

ಪುಟ್ಟಿ, ಮಕ್ಕಳ ರಕ್ತರೋಗ ವಿಭಾಗದಲ್ಲಿ ಡಿ.ಎಂ. ಸೀಟು ಸಿಕ್ಕಿತಂತೆ, ನಿಮ್ಮಮ್ಮ ಫೋನ್ ಮಾಡಿದ್ದಳು. ತುಂಬಾ ಸಂತೋಷ. ಔಷಧ, ಅಸ್ಥಿಮಜ್ಜೆ ಕಸಿ ಇವೆಲ್ಲ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ತಾಲ್ಲೂಕು ಊರಲ್ಲಿ ಮಕ್ಕಳ ಡಾಕ್ಟರಾಗಿ ಕಂಡದ್ದನ್ನಷ್ಟೇ ಹೇಳುತ್ತೇನೆ.

ನಿನ್ನ ಹತ್ತಿರ ಬರುವ ಹೊತ್ತಿಗೆ ಆ ಮಕ್ಕಳನ್ನು ಮೂರು ನಾಲ್ಕು ಕಡೆ ತೋರಿಸಿ ಆಗಿರುತ್ತದೆ. ಬಿಳಿಚಿಕೊಂಡಿದ್ದರೆ ಐರನ್ ಟಾನಿಕ್, ಮೈಕೈ ನೋವು, ಜ್ವರ ಬಿಡದಿದ್ದರೆ ಸ್ಟಿರಾಯ್ಡ್. ರಕ್ತ ಹಾಕಿಸಿಕೊಳ್ಳುತ್ತಿರುವ ಥಲಸ್ಸೀಮಿಯಾ ಮಗುವಿಗೆ ಕಬ್ಬಿಣವೇ ಶತ್ರು. ಲ್ಯುಕೇಮಿಯಾ ಇರುವ ಮಗುವಿಗೆ ಮಜ್ಜೆ ಪರೀಕ್ಷೆಗೆ ಮುಂಚೆ ಸ್ಟಿರಾಯ್ಡ್ ಬಿದ್ದರೆ ರೋಗ ಕೆಲ ದಿನ ಮುಖ ಮರೆಸಿಕೊಳ್ಳುತ್ತದೆ. ಹಾಗೆಂದು ಕಳಿಸಿಕೊಟ್ಟ ಡಾಕ್ಟರನ್ನು ತಂದೆತಾಯಿ ಎದುರು ಬೈಯಬೇಡ. ಆಮೇಲೆ ಅವರಿಗೇ ಫೋನ್ ಮಾಡು. ಎಂ.ಸಿ.ವಿ.ಯನ್ನು ಕೆಂಪುಕಣದ ಎಣಿಕೆಯಿಂದ ಭಾಗಿಸಿದಾಗ 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ ವಾಹಕ ಇರಬಹುದು, ಎಚ್.ಪಿ.ಎಲ್.ಸಿ. ಮಾಡಿಸಿ ಎನ್ನು. ಹಳ್ಳಿ ಕಡೆ ಆ ಭಾಗಾಕಾರವೇ ದೊಡ್ಡ ಉಪಕಾರ.

ಇನ್ನು ಮುಖ್ಯವಾದದ್ದು. ರೋಗದ ಹೆಸರು ಹೇಳಿದ ಮರುಗಳಿಗೆಯೇ ಯಾರಾದರೂ ಕೇಳುತ್ತಾರೆ: “ಇದು ಯಾರ ಕಡೆಯಿಂದ ಬಂತು ಮೇಡಂ?” ಕೇಳುವವರು ಸಾಮಾನ್ಯವಾಗಿ ಅತ್ತೆ, ಅಷ್ಟರಲ್ಲಿ ಎಲ್ಲರ ಕಣ್ಣೂ ಸೊಸೆಯ ಮೇಲೆ. ಥಲಸ್ಸೀಮಿಯಾ ಆದರೆ ಉತ್ತರ ಸುಲಭ, ಇಬ್ಬರಿಂದಲೂ. ಸೋದರಮಾವನನ್ನೇ ಮದುವೆಯಾದ ಮನೆಗಳಲ್ಲಂತೂ ನಿಮ್ಮ ಕಡೆ, ನಮ್ಮ ಕಡೆ ಎಂದು ಬೇರೆ ಎಲ್ಲಿದೆ? ಹಿಮೋಫೀಲಿಯಾದ್ದು ಕಷ್ಟ. ದೋಷ ಎಕ್ಸ್ ವರ್ಣತಂತುವಿನದು, ಗಂಡುಮಗುವಿಗೆ ಅದು ಬರುವುದು ತಾಯಿಯಿಂದ. ಸುಳ್ಳು ಹೇಳುವ ಹಾಗಿಲ್ಲ. ಆದರೆ ಸುಮಾರು ಮೂರರಲ್ಲೊಂದು ಮನೆಯಲ್ಲಿ ಹಿಂದೆ ಯಾರಿಗೂ ಇರದೆ ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಅದನ್ನು ಮೊದಲು ಹೇಳು. ಉಳಿದವರನ್ನು ಹೊರಗೆ ಕಳಿಸಿ, ಗಂಡಹೆಂಡತಿ ಇಬ್ಬರನ್ನೇ ಕೂರಿಸಿಕೊಂಡು ಹೇಳು. ಮಗು ಆ ಹೊತ್ತಿಗೆ ಅಪ್ಪನ ತೊಡೆಯ ಮೇಲಿದ್ದರೆ ಒಳ್ಳೆಯದು. ದಾವಣಗೆರೆಗೂ ಒಮ್ಮೆ ಹೋಗಿ ಬಾ. ಅಲ್ಲಿ ಹಿಮೋಫೀಲಿಯಾ ಸೊಸೈಟಿ ಕಟ್ಟಿದ ಡಾ. ಸುರೇಶ ಹನಗವಾಡಿ ಅವರಿಗೂ ಇದೇ ಕಾಯಿಲೆ. ‘ನಿಮ್ಮ ಹುಡುಗ ಓದಬಹುದು, ಡಾಕ್ಟರೂ ಆಗಬಹುದು’ ಎನ್ನುವಾಗ ಅವರ ಹೆಸರು ಹೇಳಿದರೆ ತಾಯಿ ನಂಬುತ್ತಾಳೆ.

ಥಲಸ್ಸೀಮಿಯಾ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ. ಪ್ರತಿ ಸಲವೂ ಅಪ್ಪನ ಒಂದು ದಿನದ ಕೂಲಿ ಹೋಗುತ್ತದೆ, ಮಗುವಿಗೆ ಒಂದು ದಿನದ ಶಾಲೆ ತಪ್ಪುತ್ತದೆ. ತಾರೀಖು ಕೊಡುವಾಗ ಪರೀಕ್ಷೆ ಯಾವಾಗ ಎಂದು ಕೇಳು. ಕಬ್ಬಿಣ ತೆಗೆಯುವ ಮಾತ್ರೆಯನ್ನು ಹದಿಮೂರು ಹದಿನಾಲ್ಕು ವರ್ಷದವರು ಕದ್ದುಮುಚ್ಚಿ ಬಿಸಾಡುತ್ತಾರೆ. ಅಮ್ಮನನ್ನು ಕೇಳಿದರೆ ‘ದಿನಾ ತಗೊಳ್ತಾನೆ’ ಎನ್ನುತ್ತಾಳೆ. ಹುಡುಗನನ್ನೇ ಕೇಳು, ಗದರಬೇಡ.

ಮುಂದಿನ ಮಗುವಿನ ಮಾತನ್ನು ಮೊದಲ ದಿನವೇ ಎತ್ತಬೇಡ, ಮರೆಯಲೂ ಬೇಡ. ತಂದೆತಾಯಿ ಇಬ್ಬರೂ ಥಲಸ್ಸೀಮಿಯಾ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ. ಗರ್ಭದ ಪರೀಕ್ಷೆಗೆ ಹತ್ತರಿಂದ ಹದಿಮೂರನೇ ವಾರ ಸರಿಯಾದ ಸಮಯ. ತಾಯಿಗೆ ತಂಗಿ, ತಂದೆಗೆ ತಮ್ಮ ಇದ್ದರೆ ಅವರ ಮದುವೆಗೆ ಮುಂಚೆಯೇ ಎಚ್.ಪಿ.ಎಲ್.ಸಿ. ಚೀಟಿ ಬರೆದುಕೊಟ್ಟು ಕಳಿಸು.